ಸಂಸೆಯ ಸುತ್ತ ಚಾರಣ: ಕುದುರೆಮುಖಕ್ಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಳಸದಿಂದ ಕುದುರೆಮುಖದ ಕಡೆ ಹೊರಟರೆ ಸಿಗುವ ಪುಟ್ಟ ಊರು ಸಂಸೆ. ಸುತ್ತ ಕಾಫಿ, ಅಡಿಕೆ, ಒಂದಷ್ಟು ಟೀ ತೋಟ. ಅದರಾಚೆ ಹುಲ್ಲು ಹೊದ್ದ ಬೆಟ್ಟಗಳ ಸಾಲು. ನಾನು ಈ ಬೆಟ್ಟಗಳಲ್ಲಿ ಓಡಾಡುತ್ತೇನೆ ಅಂತ ಗೊತ್ತಾದಾಗಿನಿಂದ ಗೆಳೆಯರು, ಗೆಳೆಯರ ಗೆಳೆಯರು ಫೋನಿನಲ್ಲಿ, ಕಾಗದದಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂಡ ಇವೇ ಪ್ರಶ್ನೆಗಳನ್ನು ಕೇಳುತ್ತಾ ಬಂದಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲ ಸಲ ಬರುವವರಿಗೆ

ಕುದುರೆಮುಖ ಬೆಟ್ಟ ಹತ್ತಬೇಕು ಅಂದ್ರೆ ಕುದುರೆಮುಖ ಊರಿಗೇ ಹೋಗಬೇಕಾ?

ಬೇಡ. ಈ ಗೊಂದಲದಲ್ಲಿ ಎಷ್ಟೋ ಜನ ಬೆಳಗಿನ ಎರಡು ಗಂಟೆ ಕಳೆದುಕೊಳ್ಳುತ್ತಾರೆ. ಕುದುರೆಮುಖ ಅನ್ನುವ ಊರು ಗಣಿ ಕಂಪನಿಗಾಗಿ ಕಟ್ಟಿದ ಟೌನ್‌ಶಿಪ್. ಶಿಖರಕ್ಕೆ ಹೋಗುವ ಕಾಲುದಾರಿ ಶುರುವಾಗುವುದು ಸಂಸೆ ಪಕ್ಕದ ಮುಳ್ಳೋಡಿಯಿಂದ. ಹಿಂದೆ ಈ ಬೆಟ್ಟವನ್ನು ಸಂಸೆ ಪರ್ವತ ಅಂತಲೂ ಕರೆಯುತ್ತಿದ್ದರು, ಏಕೆಂದರೆ ಹತ್ತುವವರು ಬರುತ್ತಿದ್ದುದು ಸಂಸೆಯ ಮೇಲಿಂದಲೇ. ಕುದುರೆಯ ಮುಖದ ಆಕಾರ ಕಾಣುವುದು ಮಾತ್ರ ಬೇರೆ ಕಡೆಯಿಂದ, ಅಂದರೆ ಘಟ್ಟದ ಕೆಳಗಿನ ಕರಾವಳಿಯ ಕಡೆಯಿಂದ. ಹಾಗಾಗಿ ಸಂಸೆಯಲ್ಲಿ ನಿಂತು ಕುದುರೆಯನ್ನು ಹುಡುಕಬೇಡಿ.

ಬೆಂಗಳೂರಿಂದ ಹೇಗೆ ಬರೋದು? ಕೊನೆಗೆ ಜೀಪೇ ಬೇಕಾ, ನಮ್ಮ ಕಾರು ಹೋಗಲ್ವಾ?

ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವ ಹೊತ್ತಿಗೆ ಕಳಸ. ಹೊರನಾಡಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳೂ ಕಳಸದ ಮೇಲೆ ಬರುತ್ತವೆ. ಅಲ್ಲಿಂದ ಸಂಸೆ, ಬಾಳೆಗಲ್ ಕಡೆಗೆ ಲೋಕಲ್ ಬಸ್ಸು ಅಥವಾ ಆಟೋ ಸಿಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಕಾರ್ಕಳ, ಬಜಗೋಳಿ, ಮಾಳದ ಮೇಲೆ ಘಟ್ಟ ಹತ್ತಿ ಎಸ್.ಕೆ. ಬಾರ್ಡರ್ ದಾಟಿ ಬರುತ್ತಾರೆ. ಎಸ್.ಕೆ. ಅಂದರೆ ಸೌತ್ ಕೆನರಾ. ಜಿಲ್ಲೆಯ ಹೆಸರು ಬದಲಾಗಿ ಎಷ್ಟೋ ಕಾಲವಾಯಿತು, ಗಡಿಯ ಹೆಸರು ಮಾತ್ರ ಬಸ್ ಕಂಡಕ್ಟರುಗಳ ಬಾಯಲ್ಲಿ ಹಾಗೇ ಉಳಿದಿದೆ.

ಬಾಳೆಗಲ್‌ನಿಂದ ಮುಳ್ಳೋಡಿಗೆ ಸುಮಾರು ಆರು ಕಿಲೋಮೀಟರ್. ಆ ದಾರಿಗೆ ಜೀಪು ಬೇಕೇ ಬೇಕು. ಕಲ್ಲು, ಕೆಸರು, ಕಡಿದಾದ ತಿರುವು. ಅದು ಸಾಮಾನ್ಯ ಕಾರಿನ ರಸ್ತೆಯಲ್ಲ. ಉಳಿದುಕೊಳ್ಳುವ ಹೋಂಸ್ಟೇಯವರಿಗೆ ಮೊದಲೇ ಹೇಳಿದರೆ ಜೀಪು ಗೊತ್ತು ಮಾಡಿಕೊಡುತ್ತಾರೆ. ಬಾಡಿಗೆ ಇಡೀ ಜೀಪಿಗೆ ಇರುವುದರಿಂದ ಇಬ್ಬರೇ ಬರುವವರು ಬೇರೆ ಗುಂಪಿನ ಜೊತೆ ಸೇರಿಕೊಂಡರೆ ಖರ್ಚು ಇಳಿಯುತ್ತದೆ.

ಪರ್ಮಿಶನ್ ಎಲ್ಲಿ ತಗೋಬೇಕು? ಗೇಟಲ್ಲೇ ದುಡ್ಡು ಕಟ್ಟಿದ್ರೆ ಆಗಲ್ವಾ?

ಆಗಲ್ಲ. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ಕುದುರೆಮುಖಕ್ಕೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದ್ದಾರೆ. ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಕೈಯಲ್ಲಿ ತನ್ನಿ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ಚಾರಣವನ್ನೇ ನಿಲ್ಲಿಸಿ, ನಂತರ ಆನ್‌ಲೈನ್ ಪದ್ಧತಿ ತಂದರು. ಕೊನೆ ಗಳಿಗೆಯಲ್ಲಿ ಹೊರಡುವ ಖುಷಿ ಇದರಿಂದ ತಪ್ಪಿತು, ನಿಜ. ಆದರೂ ನಾನು ಈ ಮಿತಿಯ ಪರವಾಗಿದ್ದೇನೆ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲದ ದಾರಿಗೆ 300 ಜನವೇ ಜಾಸ್ತಿ.

ಒಟ್ಟು ಎಷ್ಟು ದೂರ? ನನ್ನ ಕೈಲಿ ಆಗುತ್ತಾ?

ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಹೆಚ್ಚೂಕಡಿಮೆ 20 ಕಿಲೋಮೀಟರ್. ಶಿಖರದ ಎತ್ತರ 1,894 ಮೀಟರ್. ಏಳರಿಂದ ಒಂಬತ್ತು ಗಂಟೆ ಹಿಡಿಯುತ್ತದೆ. ಹಗ್ಗ ಹಿಡಿಯುವ, ಬಂಡೆ ಏರುವ ಜಾಗ ಇಲ್ಲ. ಇಲ್ಲಿ ಬೇಕಾಗಿರುವುದು ತಾಳ್ಮೆ.

ದಾರಿ ಮೊದಲು ಕಾಡು, ಹಳ್ಳ, ಬಯಲು ಅಂತ ಹಿತವಾಗಿ ಸಾಗುತ್ತದೆ. ಲೋಬೋ ಮನೆ ಅಂತ ಕರೆಯುವ ಹಳೆಯ ಪಾಳುಮನೆ ದಾಟುತ್ತೀರಿ. ಒಂಟಿಮರ ಅನ್ನುವ ಹೆಗ್ಗುರುತು ಸಿಗುತ್ತದೆ. ಅಲ್ಲಿಂದ ಮುಂದೆ ಏರು ಗಟ್ಟಿಯಾಗುತ್ತದೆ. 'ಇದೇ ತುದಿ' ಅಂದುಕೊಂಡು ಹತ್ತಿದ ಗುಡ್ಡದ ಹಿಂದೆ ಇನ್ನೊಂದು ಗುಡ್ಡ ನಿಂತಿರುತ್ತದೆ. ಗಟ್ಟಿ ಆಳುಗಳೂ ಸೋಲುವುದು ಅಲ್ಲೇ. ಹೊರಡುವ ಒಂದು ತಿಂಗಳ ಮೊದಲಿಂದ ವಾರಕ್ಕೆ ನಾಲ್ಕು ದಿನ ಒಂದೊಂದು ಗಂಟೆ ಬಿರುಸಾಗಿ ನಡೆದು, ಮನೆಯ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದರೆ ಆರೋಗ್ಯವಂತರು ಯಾರಾದರೂ ಹೋಗಿಬರಬಹುದು. ಮಂಡಿನೋವು ಇರುವವರು ಮಾತ್ರ ಇಳಿಯುವಾಗಿನ ಹತ್ತು ಕಿಲೋಮೀಟರನ್ನು ನೆನೆದು ತೀರ್ಮಾನ ಮಾಡಿ.

ಯಾವ ತಿಂಗಳು ಬಂದ್ರೆ ಚೆನ್ನಾಗಿರುತ್ತೆ?

ದೂರದ ನೋಟ ಬೇಕಾದರೆ ಅಕ್ಟೋಬರ್ ಕೊನೆಯಿಂದ ಜನವರಿ. ಆಕಾಶ ತಿಳಿಯಾಗಿದ್ದ ದಿನ ಶಿಖರದಿಂದ ದಕ್ಷಿಣ ಕನ್ನಡದ ಬಯಲು ಪೂರ್ತಿ ಕಾಣುತ್ತದೆ. ಅದರಾಚೆ ಸಮುದ್ರದ ಹೊಳಪೂ ಕಾಣುವುದುಂಟು.

ಹಸಿರು ಬೇಕಾದರೆ ಮಳೆಗಾಲ. ಆದರೆ ಮಳೆ ಅಂದರೆ ಇಲ್ಲಿ ನಿಜವಾದ ಮಳೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಬೀಳುವ ಜಾಗ ಇದು. ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ, ಅಂದರೆ ಜುಲೈ ಕೊನೆ, ಆಗಸ್ಟ್ ಮೊದಲ ಭಾಗದಲ್ಲಿ, ದಿನಗಟ್ಟಲೆ ಬಿಡುವೇ ಇರುವುದಿಲ್ಲ. ತುದಿಗೆ ಹೋದರೂ ಕಾಣುವುದು ಬಿಳಿ ಮಂಜು ಮಾತ್ರ. ನನಗೆ ಇಷ್ಟ ಸೆಪ್ಟೆಂಬರ್ ಕೊನೆ. ಹುಲ್ಲು ಎದೆ ಎತ್ತರ ಬೆಳೆದಿರುತ್ತದೆ, ಹಳ್ಳಗಳು ತುಂಬಿ ಹರಿಯುತ್ತವೆ, ನಡುನಡುವೆ ಬಿಸಿಲೂ ಬರುತ್ತದೆ.

ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರು. ಆಗಿನಿಂದ ಮೇವರೆಗೆ ಇಲಾಖೆ ಚಾರಣ ನಿಲ್ಲಿಸುವುದು ಮಾಮೂಲಿ. ರಜೆ ಹಾಕುವ ಮೊದಲು ದಾರಿ ತೆರೆದಿದೆಯಾ ಅಂತ ನೋಡಿಕೊಳ್ಳಿ.

ಮೇಲೆ ಟೆಂಟ್ ಹಾಕಿ ಮಲಗಬಹುದಾ?

ಇಲ್ಲ. ಇದು ರಾಷ್ಟ್ರೀಯ ಉದ್ಯಾನ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿಯಬೇಕು. ಬೆಂಕಿ ಹಾಕುವಂತೆಯೂ ಇಲ್ಲ.

## ಚೀಲ, ಹೊಟ್ಟೆ, ಇಂಬಳ

ಶೂ ಯಾವುದು ಹಾಕ್ಕೊಳ್ಲಿ? ಏನೇನು ತರಬೇಕು?

ತಳದಲ್ಲಿ ಆಳವಾದ ಹಲ್ಲು ಇರುವ, ಈಗಾಗಲೇ ನಾಲ್ಕು ದಿನ ಹಾಕಿ ಪಳಗಿಸಿದ ಶೂ ಸಾಕು. ಬೆಲೆ ಮುಖ್ಯವಲ್ಲ. ಹೊಸ ಶೂ ಹಾಕಿ ಬಂದು ಐದನೇ ಕಿಲೋಮೀಟರಿಗೆ ಹಿಮ್ಮಡಿ ಬೊಕ್ಕೆ ಎದ್ದವರನ್ನು ಪ್ರತಿ ಸಲವೂ ನೋಡುತ್ತೇನೆ. ಹಳ್ಳದ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ನಯವಾದ ತಳದ ಶೂ ಅಲ್ಲಿ ನಿಲ್ಲುವುದೇ ಇಲ್ಲ.

ರೇನ್‌ಕೋಟ್, ಒಂದು ಜೊತೆ ಒಣ ಬಟ್ಟೆ, ಎರಡು ಜೊತೆ ಕಾಲುಚೀಲ, ಟಾರ್ಚು, ಶಿಳ್ಳೆ, ನೋವಿನ ಮಾತ್ರೆ, ಬ್ಯಾಂಡೇಜು. ಮಳೆಗಾಲದಲ್ಲಿ ಕೊಡೆ ಪ್ರಯೋಜನಕ್ಕೆ ಬರುವುದಿಲ್ಲ. ಬಯಲಿನ ಗಾಳಿಗೆ ತಿರುಗಿ ಮುರಿದೇ ಹೋಗುತ್ತದೆ. ಜೀನ್ಸ್ ಬೇಡ, ಒದ್ದೆಯಾದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ನಗದು ದುಡ್ಡು ಇರಲಿ, ಏಕೆಂದರೆ ಮುಳ್ಳೋಡಿಯ ಕಡೆ ಫೋನಿಗೆ ಸಿಗ್ನಲ್ ನಂಬುವ ಹಾಗಿಲ್ಲ. ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಮನೆಯವರಿಗೆ ಹಿಂದಿನ ರಾತ್ರಿಯೇ ಹೇಳಿಬಿಡಿ.

ಇಂಬಳ ಕಂಡ್ರೆ ನಂಗೆ ತುಂಬಾ ಭಯ. ಏನು ಮಾಡ್ಲಿ?

ಈ ಪ್ರಶ್ನೆ ಕೇಳದವರು ಇಲ್ಲ. ಮೊದಲು ಧೈರ್ಯದ ಮಾತು: ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ವಿಷ ಇಲ್ಲ, ಕಚ್ಚಿದ್ದು ನೋಯುವುದೂ ಇಲ್ಲ.

ಒಂದು ಸಲ ಕೂತು ಅದನ್ನು ನೋಡಿ. ಒದ್ದೆ ತರಗೆಲೆಯ ಅಂಚಿನಲ್ಲಿ ಬೆಂಕಿಕಡ್ಡಿಗಿಂತ ಸಣ್ಣದಾಗಿ ನೆಟ್ಟಗೆ ನಿಂತಿರುತ್ತದೆ. ನಿಮ್ಮ ಹೆಜ್ಜೆಯ ಅದುರು, ಮೈಯ ಬಿಸಿ ತಾಗಿದ್ದೇ ತಲೆಯನ್ನು ಅತ್ತಿತ್ತ ಆಡಿಸುತ್ತದೆ. ಆಮೇಲೆ ಗೇಣು ಹಾಕುವಂತೆ ಮಡಚಿ, ಚಾಚಿ, ಮಡಚಿ, ಚಾಚಿ ನಿಮ್ಮ ಕಡೆಗೇ ಬರುತ್ತದೆ. ಶೂ ಏರಿ, ಕಾಲುಚೀಲದ ನೇಯ್ಗೆಯ ಸಂದಿನಲ್ಲಿ ನೂಲಿನಂತೆ ತೆಳ್ಳಗಾಗಿ ನುಸುಳಬಲ್ಲದು. ಅದಕ್ಕೇ ಒತ್ತಾಗಿ ನೇಯ್ದ ಇಂಬಳದ ಕಾಲುಚೀಲ ಸಿಕ್ಕರೆ ಒಳ್ಳೆಯದು. ಇಲ್ಲಿಯವರು ಬೇವಿನೆಣ್ಣೆ, ಸುಣ್ಣ, ಹೊಗೆಸೊಪ್ಪು, ಉಪ್ಪು ಬಳಸುತ್ತಾರೆ. ಶೂ ಮತ್ತು ಕಾಲುಚೀಲದ ಹೊರಗೆ ಹಚ್ಚಿಕೊಳ್ಳಿ. ಮಳೆಯಲ್ಲಿ ತೊಳೆದುಹೋಗುವುದರಿಂದ ದಾರಿಯಲ್ಲಿ ಮತ್ತೆ ಹಚ್ಚಬೇಕು.

ಕಚ್ಚಿದರೆ ಹಿಡಿದು ಎಳೆಯಬೇಡಿ. ಅದರ ಬಾಯಿ ಅಂಟಿದ ಜಾಗದ ಪಕ್ಕ ಉಗುರು ಇಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಗಾಯಕ್ಕೆ ಬಿಟ್ಟಿರುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ರಕ್ತ ಒಸರುವುದು ಸಹಜ. ತೊಳೆದು, ಒತ್ತಿ ಹಿಡಿದು ಪಟ್ಟಿ ಹಾಕಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಹೊರಡುವ ಮೊದಲು ಡಾಕ್ಟರನ್ನು ಕೇಳಿ. ಇನ್ನೊಂದು ಮಾತು, ಕಾಡಿನ ನೆರಳಿನಲ್ಲಿ ನಿಂತು ಹರಟೆ ಹೊಡೆಯಬೇಡಿ. ಬಿಸಿಲು ಬೀಳುವ ಬಂಡೆ ಸಿಕ್ಕ ಮೇಲೆ ಕೂತುಕೊಳ್ಳಿ.

ದಾರೀಲಿ ಊಟ, ನೀರು ಸಿಗುತ್ತಾ?

ಊಟ ಸಿಗುವುದಿಲ್ಲ. ಹೋಂಸ್ಟೇಯವರು ಬೆಳಿಗ್ಗೆ ನೀರುದೋಸೆಯೋ ಕಡುಬೋ ಕೊಟ್ಟು, ಮಧ್ಯಾಹ್ನಕ್ಕೆ ಚಿತ್ರಾನ್ನವೋ ಪಲಾವೋ ಕಟ್ಟಿಕೊಡುತ್ತಾರೆ. ಸ್ಟೀಲಿನ ಡಬ್ಬಿ ತಂದರೆ ಅದಕ್ಕೇ ತುಂಬಿಸಿಕೊಡುತ್ತಾರೆ. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಇದೆಯಾ ಅಂತ ಚೀಲ ನೋಡುವಾಗ ನಿಮಗೂ ಸಲೀಸು. ದಾರಿಯಲ್ಲಿ ಹಳ್ಳಗಳು ಸಿಗುತ್ತವೆ, ನಾವು ಅದನ್ನೇ ಕುಡಿಯುತ್ತೇವೆ. ಅಭ್ಯಾಸ ಇಲ್ಲದವರು ಎರಡು ಲೀಟರ್ ಹೊತ್ತು ತನ್ನಿ. ಕೊನೆಯ ಏರಿನಲ್ಲಿ ಬೆವರು ಜಾಸ್ತಿ, ನಿಂಬೆ, ಬೆಲ್ಲ, ಚಿಟಿಕೆ ಉಪ್ಪು ಇದ್ದರೆ ಒಳ್ಳೆಯದು.

ಅಪ್ಪ ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದಾರೆ. ಅವರಿಗೂ ಆಗೋ ದಾರಿ ಇದೆಯಾ?

ಇದೆ. ಉದ್ಯಾನದೊಳಗಿನ ಭಗವತಿ ಪ್ರಕೃತಿ ಶಿಬಿರದ ಹತ್ತಿರದಿಂದ ಹೋಗುವ ಕುರಿಂಜಾಲ್ ದಾರಿ ಸುಲಭ. ಬಹುಪಾಲು ಕಾಡಿನ ನೆರಳಿನ ಹಳೆಯ ಜೀಪ್ ದಾರಿ, ಕೊನೆಗಷ್ಟೇ ಏರು. ಗಂಗಡಿಕಲ್ಲು ಅದಕ್ಕಿಂತ ಚಿಕ್ಕದಾದರೂ ಕಡಿದು. ಎರಡಕ್ಕೂ ಅನುಮತಿ ಬೇಕು. ಅಷ್ಟೂ ಬೇಡ ಅಂದರೆ ಸಂಸೆಯ ಟೀ ತೋಟದ ಬದಿಯ ರಸ್ತೆಯಲ್ಲಿ ಬೆಳಗಿನ ಏಳು ಗಂಟೆಗೆ ಒಂದು ಗಂಟೆ ಸುಮ್ನೆ ನಡೆಯಿರಿ. ಮಂಜು ಎದ್ದು ಬೆಟ್ಟದ ತಪ್ಪಲು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ನನ್ನ ಅಮ್ಮನಿಗೆ ಶಿಖರಕ್ಕಿಂತ ಅದೇ ಇಷ್ಟ. ಮಧ್ಯಾಹ್ನ ಕಳಸೇಶ್ವರ, ಹೊರನಾಡಿನ ಅನ್ನಪೂರ್ಣೇಶ್ವರಿ ನೋಡಿ, ಅಲ್ಲೇ ಊಟ ಮಾಡಿ ಬರಬಹುದು.

## ಕಾಡಿನ ಬಗ್ಗೆ

ಇಷ್ಟು ಮಳೆ ಬೀಳೋ ಬೆಟ್ಟದ ಮೇಲೆ ಮರಾನೇ ಇಲ್ವಲ್ಲ, ಎಲ್ಲಾ ಕಡಿದುಬಿಟ್ರಾ?

ಇಲ್ಲ. ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಈ ಬೆಟ್ಟಗಳು ಇರುವುದೇ ಹೀಗೆ. ಎರಡು ಇಳಿಜಾರು ಸೇರುವ ಮಡಿಕೆಯಲ್ಲಿ, ಗಾಳಿಯ ಹೊಡೆತ ಕಡಿಮೆ ಇರುವ, ನೀರು ನಿಲ್ಲುವ ಜಾಗದಲ್ಲಿ ದಟ್ಟ ಕಾಡು. ಅದಕ್ಕೆ ಶೋಲಾ ಅನ್ನುತ್ತಾರೆ, ತಮಿಳಿನ ಶೋಲೈ ಅನ್ನುವ ಮಾತಿನಿಂದ ಬಂದದ್ದು. ಗಾಳಿಗೆ ಮೈಯೊಡ್ಡಿದ ನೆತ್ತಿ, ಬೆನ್ನುಗಳ ಮೇಲೆ ಮಣ್ಣು ತೆಳು, ಅಲ್ಲಿ ಹುಲ್ಲು. ಗಾಳಿ, ಬೆಂಕಿ, ಮಣ್ಣಿನ ಆಳ ಎಲ್ಲ ಸೇರಿ ಈ ಹಂಚಿಕೆ ಮಾಡಿವೆ. ದೂರದಿಂದ ನೋಡಿದರೆ ಹಸಿರು ಕಂಬಳಿಯ ಸುಕ್ಕುಗಳಲ್ಲಿ ಮಾತ್ರ ಕಪ್ಪು ಬಣ್ಣ ಇಳಿದ ಹಾಗೆ ಕಾಣುತ್ತದೆ.

ಈ ಹುಲ್ಲಿನ ಬುಡದ ಮಣ್ಣನ್ನು ಮಳೆ ನಿಂತ ಎರಡು ದಿನದ ಮೇಲೆ ಕೈಯಲ್ಲಿ ಹಿಂಡಿ ನೋಡಿ, ನೀರು ಇಳಿಯುತ್ತದೆ. ಸುರಿದ ಮಳೆಯನ್ನು ಹುಲ್ಲು ಹಿಡಿದುಕೊಂಡು, ಶೋಲಾಗೆ ಮೆಲ್ಲಗೆ ಬಿಡುತ್ತದೆ, ಶೋಲಾ ಅದನ್ನು ಹಳ್ಳವಾಗಿ ಹರಿಸುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಗಂಗಾಮೂಲ ಅಂತ ಹಿರಿಯರು ಹೆಸರಿಟ್ಟ ಜಾಗ ಅದು. ಹಾಗಾಗಿ 'ಖಾಲಿ ಜಾಗ ಇದೆ, ಗಿಡ ನೆಡೋಣ' ಅಂತ ಬೀಜದುಂಡೆ ಹಿಡಿದು ಬರುವವರಿಗೆ ಕೈಮುಗಿದು ಹೇಳುತ್ತೇನೆ, ದಯವಿಟ್ಟು ಬೇಡ. ಇಲ್ಲಿ ಹುಲ್ಲೇ ಕಾಡು.

ಗಣಿಗಾರಿಕೆ ಈಗಲೂ ನಡೀತಿದೆಯಾ?

ಇಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿಗಾರಿಕೆ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯ ದಿನ ನಿಂತಿತು. ಅದಿರು ತೊಳೆದ ಹೂಳನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟು ಈಗಲೂ ಇದೆ. ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ, ಸುಮಾರು 600 ಚದರ ಕಿಲೋಮೀಟರ್. ಅದಕ್ಕೆ ದೊಡ್ಡ ಕಾರಣ ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲದ ಕೋತಿ. ಅದು ಮರದ ನೆತ್ತಿ ಬಿಟ್ಟು ಇಳಿಯುವುದೇ ಅಪರೂಪ. ಹಾಗಾಗಿ ಬಯಲಿನ ದಾರಿಯಲ್ಲಿ ಕಾಣುವ ಆಸೆ ಇಟ್ಟುಕೊಳ್ಳಬೇಡಿ.

ಕಾಟಿ, ಹಾವು ಎದುರಾದ್ರೆ ಏನ್ ಮಾಡೋದು?

ಕಾಟಿ, ಅಂದರೆ ಕಾಡುಕೋಣ, ಹುಲ್ಲಿನ ಅಂಚಿನಲ್ಲಿ ಮೇಯುತ್ತಾ ಸಿಗಬಹುದು. ನಿಂತುಬಿಡಿ. ಅದು ತಲೆ ಎತ್ತಿ ನೋಡುತ್ತದೆ, ಒಮ್ಮೆ ಬುಸುಗುಟ್ಟುತ್ತದೆ, ಸಾಮಾನ್ಯವಾಗಿ ತಾನೇ ಸರಿಯುತ್ತದೆ. ಕೂಗುವುದು, ಕಲ್ಲೆಸೆಯುವುದು, ಫೋಟೋಗೆ ಹತ್ತಿರ ಹೋಗುವುದು ಬೇಡ. ಒಂಟಿ ಕಾಟಿ ದಾರಿ ಬಿಡದಿದ್ದರೆ ನೀವೇ ಹಿಂದೆ ಸರಿದು ಕಾಯಿರಿ.

ಮಳೆಗಾಲದಲ್ಲಿ ಎಲೆ, ಕೊಂಬೆಗಳ ಮೇಲೆ ಗುಳಿಮಂಡಲ ಹಾವು ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಹಸಿರು, ಕಂದು, ಹಳದಿ, ಯಾವ ಬಣ್ಣವಾದರೂ ಇರಬಹುದು. ನೋಡದೆ ಕೊಂಬೆ ಹಿಡಿಯಬೇಡಿ, ಅಷ್ಟೇ. ಯಾವುದೇ ಹಾವು ಕಚ್ಚಿದರೂ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗ ಅಲ್ಲಾಡದಂತೆ ಇಟ್ಟು, ನಡೆಸದೆ ಹೊತ್ತುಕೊಂಡೇ ಇಳಿಸಿ ಬೇಗ ಆಸ್ಪತ್ರೆಗೆ ಸೇರಿಸಿ.

ನಕ್ಸಲರ ಕಾಟ ಇದೆ ಅಂತಾರಲ್ಲ?

ಒಂದು ಕಾಲದಲ್ಲಿ ಈ ಕಾಡುಗಳಲ್ಲಿ ಓಡಾಟ ಇದ್ದದ್ದು ನಿಜ. 2025ರ ಜನವರಿಯಲ್ಲಿ ಉಳಿದಿದ್ದವರ ಪೈಕಿ ಆರು ಮಂದಿ ಸರ್ಕಾರಕ್ಕೆ ಶರಣಾದರು. ಚಾರಣಕ್ಕೆ ಬರುವವರು ಈಗ ಅದಕ್ಕಾಗಿ ಹೆದರಬೇಕಾಗಿಲ್ಲ. ಹಳ್ಳ ಮತ್ತು ಮಂಜಿನ ಬಗ್ಗೆ ಹೆದರಿದರೆ ಸಾಕು.

## ನಡೆದು ಅಭ್ಯಾಸ ಇರುವವರಿಗೆ

ಕುದುರೆಮುಖ ಆಗಲೇ ಆಗಿದೆ. ನೇತ್ರಾವತಿ ಶಿಖರ ಹೇಗೆ?

ಸಂಸೆಯಿಂದಲೇ ಜೀಪಿನಲ್ಲಿ ಹೋಗಿ ಶುರು ಮಾಡುವ ದಾರಿ. ಕುದುರೆಮುಖಕ್ಕಿಂತ ಚಿಕ್ಕದು, ಆದರೆ ತುದಿಯ ಏಣು ಚೂಪು. ಒಂದು ಬದಿ ಆಳದ ಕಣಿವೆ, ಮಳೆಗಾಲದಲ್ಲಿ ಅಲ್ಲಿ ಗಾಳಿ ಮನುಷ್ಯನನ್ನು ತಳ್ಳುತ್ತದೆ. ಅರ್ಧ ದಿನ ಸಾಕು ಅಂತ ಇದನ್ನೂ ಕುದುರೆಮುಖವನ್ನೂ ಒಂದೇ ದಿನ ಮುಗಿಸಲು ನೋಡುವವರಿದ್ದಾರೆ. ಎರಡನ್ನೂ ನೋಡಿದಂತಾಗುವುದಿಲ್ಲ. ಎರಡು ದಿನ ಇಟ್ಟುಕೊಂಡು, ಮೊದಲ ದಿನ ನೇತ್ರಾವತಿ, ಮರುದಿನ ಕುದುರೆಮುಖ ಮಾಡಿ.

ಹತ್ತುವಾಗ ಮೊಣಕಾಲುದ್ದ ಇದ್ದ ಹಳ್ಳ ಇಳಿಯುವಾಗ ಉಕ್ಕಿದ್ರೆ?

ಕಾಯಬೇಕು. ಬೇರೆ ಉತ್ತರ ಇಲ್ಲ. ಈ ಹಳ್ಳಗಳು ಏರುವಷ್ಟೇ ಬೇಗ ಇಳಿಯುತ್ತವೆ. ಒಂದು ಆಗಸ್ಟಿನಲ್ಲಿ ನಾವು ಆರು ಜನ ಇಳಿಯುವಾಗ ನೀರು ತೊಡೆಯವರೆಗೆ ಬಂದಿತ್ತು, ಬಣ್ಣ ಚಹಾದಂತೆ ಆಗಿತ್ತು. ಜೊತೆಗಿದ್ದ ಗೈಡ್ ಒಂದು ಕಡ್ಡಿಯನ್ನು ದಡದಲ್ಲಿ ನೀರಿನ ಅಂಚಿಗೆ ನೆಟ್ಟು, 'ಈ ಕಡ್ಡಿ ನೀರಿಂದ ಒಂದು ಮೊಳ ದೂರ ಆಗೋವರೆಗೆ ಯಾರೂ ಇಳಿಯೋದು ಬೇಡ' ಅಂದರು. ಚಳಿಯಲ್ಲಿ ನಡುಗುತ್ತಾ ಎಲ್ಲರೂ ಆ ಕಡ್ಡಿಯನ್ನೇ ನೋಡುತ್ತಾ ಕೂತೆವು. ಒಂದೂಕಾಲು ಗಂಟೆಗೆ ಮೊಳ ಆಯಿತು. ಕೈ ಹಿಡಿದು ಸಾಲಾಗಿ ದಾಟಿದೆವು. ಅದೇ ಕಾರಣಕ್ಕೆ ನಿಯಮ ಏನೇ ಇರಲಿ, ಊರಿನ ಗೈಡ್ ಇಲ್ಲದೆ ಮಳೆಗಾಲದಲ್ಲಿ ಹೋಗಬೇಡಿ ಅನ್ನುತ್ತೇನೆ.

ಮಂಜು ಕವಿದಾಗ ಮ್ಯಾಪ್ ನೋಡ್ಕೊಂಡು ಹೋಗಬಹುದಲ್ವಾ?

ಫೋನಿನ ಮ್ಯಾಪ್ ಒದ್ದೆ ಬೆರಳಿಗೆ ಸ್ಪಂದಿಸುವುದಿಲ್ಲ, ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಹುಲ್ಲುಬಯಲಿನ ತೊಂದರೆ ಏನೆಂದರೆ ಕಡವೆ, ಕಾಟಿ ಓಡಾಡಿದ ದಾರಿಯೂ ಮನುಷ್ಯರ ದಾರಿಯ ಹಾಗೇ ಕಾಣುತ್ತದೆ. ಅದು ನಿಮ್ಮನ್ನು ಶೋಲಾದೊಳಗೆ ತಂದು ಬಿಟ್ಟುಬಿಡುತ್ತದೆ. ಹತ್ತು ಹೆಜ್ಜೆ ಮುಂದೆ ಕಾಣದಿದ್ದರೆ ಗುಂಪು ಒಟ್ಟಿಗೆ ನಿಲ್ಲಲಿ. ಶಿಳ್ಳೆ ಆಗ ಕೆಲಸಕ್ಕೆ ಬರುತ್ತದೆ.

ನನ್ನದೊಂದು ಕಟ್ಟುನಿಟ್ಟು ಇದೆ. ಎಲ್ಲಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ವಾಪಸ್ ತಿರುಗುವುದು. ಶಿಖರದ ಹತ್ತಿರದ ಹಳೆಯ ಚರ್ಚಿನ ಪಾಳುಗೋಡೆವರೆಗೆ ಹೋಗಿ, ಗಡಿಯಾರ ನೋಡಿ ತಿರುಗಿದ ದಿನವೂ ಉಂಟು. ಆ ದಿನ ಬೇಜಾರಾಗಿತ್ತು. ಕತ್ತಲಾಗುವ ಮೊದಲೇ ಮುಳ್ಳೋಡಿ ಸೇರಿ, ಅಂಗಳದಲ್ಲಿ ಕೂತು ಕಾಫಿ ಕುಡಿಯುವಾಗ ಬೆಟ್ಟದ ಮೇಲೆ ಸಿಡಿಲು ಬಡಿಯುವುದನ್ನು ನೋಡಿದೆವು.

ದಾರಿ ಸುತ್ತುಬಳಸು ಇರೋ ಕಡೆ ನೇರ ಇಳಿದ್ರೆ ಏನಾಗುತ್ತೆ?

ನಿಮಗೆ ಐದು ನಿಮಿಷ ಉಳಿಯುತ್ತದೆ, ಬೆಟ್ಟಕ್ಕೆ ಗಾಯ ಆಗುತ್ತದೆ. ನೇರ ಇಳಿಜಾರಿನಲ್ಲಿ ಒಂದು ಹತ್ತಿಪ್ಪತ್ತು ಜನ ಇಳಿದರೆ ಹುಲ್ಲಿನ ಬೇರು ಕಿತ್ತು ಮಣ್ಣು ತೆರೆಯುತ್ತದೆ. ಮುಂದಿನ ಮಳೆಗೆ ನೀರು ಅದೇ ಗೆರೆ ಹಿಡಿಯುತ್ತದೆ. ಒಂಟಿಮರದ ಮೇಲಿನ ಏರಿನಲ್ಲಿ ಅಂಥ ಒಂದು ಕೊರಕಲಿನಲ್ಲಿ ನಿಂತು ನೋಡಿದ್ದೇನೆ. ನನ್ನ ಸೊಂಟದವರೆಗೆ ಆಳ ಇತ್ತು. ಎರಡೂ ಗೋಡೆಯಲ್ಲಿ ಹುಲ್ಲಿನ ಬೇರು ಕೂದಲಿನಂತೆ ಜೋತಾಡುತ್ತಿತ್ತು, ತಳದಲ್ಲಿ ಬರೀ ಕಲ್ಲು. ದಾರಿ ಕೆಸರಾಗಿದ್ದರೂ ಕೆಸರಿನಲ್ಲೇ ನಡೆಯಿರಿ, ಪಕ್ಕದ ಹುಲ್ಲಿನ ಮೇಲೆ ಇನ್ನೊಂದು ದಾರಿ ಮಾಡಬೇಡಿ.

ಶಿಖರದಿಂದ ಬೆಳ್ತಂಗಡಿ ಕಡೆಗೆ ಇಳಿಯೋ ಹಳೇ ದಾರಿ ಇದೆಯಂತೆ. ಹೋಗಬಹುದಾ?

ನಾವೂರಿನ ಕಡೆಯಿಂದ ಜನ ಹತ್ತುತ್ತಿದ್ದ ದಾರಿಯ ಮಾತು ಅದು. ನಿಮ್ಮ ಟಿಕೆಟ್ ಇರುವುದು ಮುಳ್ಳೋಡಿಯಿಂದ ಹತ್ತಿ ಮುಳ್ಳೋಡಿಗೇ ಇಳಿಯಲು. ಪಶ್ಚಿಮದ ಇಳಿಜಾರು ಬಹಳ ಕಡಿದು, ಕೆಳಗೆ ದಟ್ಟ ಕಾಡು. ತಪ್ಪಿಸಿಕೊಂಡವರನ್ನು ಹುಡುಕಲು ಹೋಗಬೇಕಾಗುವುದು ಊರಿನ ಹುಡುಗರೇ. ದಯವಿಟ್ಟು ಪ್ರಯತ್ನ ಮಾಡಬೇಡಿ.

ಮುಳ್ಳೋಡಿಯ ಮನೆಗಳ ಹತ್ತಿರ ಹೇಗಿರಬೇಕು? ಏನಾದ್ರೂ ತಂದುಕೊಡಬಹುದಾ?

ಉದ್ಯಾನದೊಳಗೆ ಮಲೆಕುಡಿಯ ಬುಡಕಟ್ಟಿನವರು, ಬೇರೆ ಕುಟುಂಬಗಳು ತಲೆಮಾರುಗಳಿಂದ ಬದುಕಿದ್ದಾರೆ. ಕಾಡು ಉದ್ಯಾನ ಆಗುವ ಮೊದಲೇ ಅವರು ಇಲ್ಲಿದ್ದರು. ಒಂದಿಷ್ಟು ಗದ್ದೆ, ಅಡಿಕೆ, ದನ. ಮಳೆಗಾಲದಲ್ಲಿ ಕಾಯಿಲೆ ಬಿದ್ದವರನ್ನು ಇದೇ ಜೀಪಿನ ದಾರಿಯಲ್ಲಿ ಕೆಳಗಿಳಿಸಬೇಕು. ಹಾಗಾಗಿ ಅಂಗಳಕ್ಕೆ ಕಾಲಿಡುವ ಮೊದಲು ಕೇಳಿ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ, ಸ್ಪೀಕರಿನಲ್ಲಿ ಹಾಡು ಹಾಕಬೇಡಿ.

ಮಕ್ಕಳಿಗೆ ಚಾಕೊಲೇಟ್ ಹಂಚುವುದಕ್ಕಿಂತ ಅಲ್ಲಿಯ ಮನೆಯಲ್ಲೇ ಊಟ ಮಾಡಿ, ಅಲ್ಲಿಯವರನ್ನೇ ಗೈಡ್ ಆಗಿ ಕರೆದುಕೊಳ್ಳಿ, ಜೇನೋ ಕಾಳುಮೆಣಸೋ ಮಾರುತ್ತಿದ್ದರೆ ಚೌಕಾಸಿ ಮಾಡದೆ ಕೊಂಡುಕೊಳ್ಳಿ. ಹೊರಡುವಾಗ ಮನೆಯ ಅಜ್ಜಿ 'ಹೋಗಿ ಬನ್ನಿ, ಜಾರ್ತದೆ, ಮೆಲ್ಲ' ಅಂದರೆ, ಆ ಮಾತು ಕೇಳಿ ಮೆಲ್ಲಗೇ ಹೋಗಿ. ಆ ದಿನ ದಾರಿ ಹೇಗಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.